ದೆವ್ವದ ಅಭ್ಯಾಸ

ಕಾಲೇಜಿನ ಪ್ರಾಜೆಕ್ಟಿಗೆ ಹಾರರ್ ಸಿನಿಮಾದ ಮೊದಲ ದೃಶ್ಯವನ್ನಷ್ಟೇ ತೆಗೆಯಬೇಕಿತ್ತು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹಳೇ ಜಾಲರಿ ಬಾಗಿಲಿನ ಲಿಫ್ಟಿನಿಂದ ದೆವ್ವ ಹೊರಬಂದು ಕ್ಯಾಮೆರಾದ ಕಡೆ ನಡೆಯಬೇಕು. ದೆವ್ವವಾದವಳು ಗೆಳತಿ ಸ್ನೇಹಲ್. ಬಿಳಿ ಸೀರೆಯುಟ್ಟು, ಕೂದಲು ಕೆದರಿಕೊಂಡು ಚೆನ್ನಾಗಿಯೇ ಬಂದಳು. ಬಂದವಳು ತಿರುಗಿ ಲಿಫ್ಟಿನ ಬಾಗಿಲನ್ನು ಸರಿಯಾಗಿ ಎಳೆದು ಹಾಕಿದಳು.

"ದೆವ್ವ ಎಲ್ಲಾದರೂ ಬಾಗಿಲು ಹಾಕ್ತದೇನೇ?" ಎಂದೆ.

"ಆದತ್ ಹೈ ಯಾರ್," ಎಂದಳು. ಎಷ್ಟು ಸಲ ತೆಗೆದರೂ ಅದೇ ಅಭ್ಯಾಸ.

ಅಷ್ಟರಲ್ಲಿ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಶೆಟ್ಟಿ ಅಂಕಲ್ ಮಧ್ಯಾಹ್ನದ ನಿದ್ದೆ ಕೆಟ್ಟು ಸಿಟ್ಟಿನಲ್ಲಿ ಇಳಿದು ಬಂದರು. "ಯಾರನ್ನು ಕೇಳಿ ಶೂಟಿಂಗ್ ಮಾಡುವುದು? ಎಂಥ ತೆಗೆದದ್ದು, ತೋರಿಸು."

ಮಾರನೇ ದಿನವೇ ಪ್ರಾಜೆಕ್ಟ್ ಕೊಡಬೇಕಿತ್ತು. ಕ್ಯಾಮೆರಾದಲ್ಲೇ ತೋರಿಸಿದೆ. ಅಂಕಲ್ ಮತ್ತೊಮ್ಮೆ ಹಾಕಿಸಿ ನೋಡಿದರು.

"ಈ ಹುಡುಗಿ ಯಾವ ಬಿಲ್ಡಿಂಗಿನವಳು?"

"ಪಕ್ಕದ್ದು ಅಂಕಲ್."

"ಹಾಗೆ ಹೇಳು. ನಮ್ಮವರು ಬಾಗಿಲು ತೆರೆದಿಟ್ಟು ಹೋಗುವುದು, ಲಿಫ್ಟ್ ಅಲ್ಲೇ ನಿಲ್ಲುವುದು, ನಾನು ಮೆಟ್ಟಿಲು ಹತ್ತುವುದು. ಸಂಜೆವರೆಗೆ ತೆಗೆದುಕೊಳ್ಳಿ."

ಹೋದ ಜೀವ ಬಂದ ಹಾಗಾಯಿತು.

ನಮ್ಮ ಸಿನಿಮಾಕ್ಕೆ ಕ್ಲಾಸಿನಲ್ಲಿ ಯಾರೂ ಹೆದರಲಿಲ್ಲ. ಆದರೆ ಅಂಕಲ್ ಬಾಗಿಲೆಳೆಯುತ್ತಿರುವ ಆ ದೆವ್ವದ ಫೋಟೋ ಕೇಳಿ ಪಡೆದು ಲಿಫ್ಟಿನೊಳಗೆ ಅಂಟಿಸಿದ ಮೇಲೆ ನಮ್ಮ ಬಿಲ್ಡಿಂಗಿನಲ್ಲೂ ಜನ ಬಾಗಿಲು ಹಾಕತೊಡಗಿದರು.