ಬಿಗಿದ ಚರ್ಮದ ಬೆನ್ನು ಹತ್ತಿ ರಾಮದುರ್ಗಕ್ಕೆ

ಕಿತ್ತೂರಿನಲ್ಲಿ ಬಸ್ಸಿನಿಂದ ಇಳಿದಾಗ ನನ್ನ ಸೀರೆಯ ತುಂಬ ಕಬ್ಬಿನ ಸಿಪ್ಪೆ. ಎಂ.ಕೆ. ಹುಬ್ಬಳ್ಳಿಯ ಹತ್ತಿರ ಸಕ್ಕರೆ ಕಾರ್ಖಾನೆಗೆ ಹೊರಟ ಚಕ್ಕಡಿಗಳು ರಸ್ತೆಯನ್ನೇ ಹಿಡಿದಿದ್ದವು. ಅವುಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿದ್ದರೆ, ಕಿಟಕಿಯಿಂದ ಕೈಹಾಕಿ ಕಬ್ಬಿನ ಗಳ ಎಳೆದುಕೊಂಡವರೆಲ್ಲ ಆರಾಮವಾಗಿ ಜಗಿದರು. ನನಗೂ ಒಂದು ತುಂಡು ಸಿಕ್ಕಿತು, ಆದ್ದರಿಂದ ಸಿಪ್ಪೆಯ ಬಗ್ಗೆ ದೂರುವಂತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತಿದು. ನಾನು ದೊಡ್ಡಾಸ್ಪತ್ರೆಯೊಂದರಲ್ಲಿ ಚರ್ಮರೋಗಗಳನ್ನು ಓದುತ್ತಿದ್ದೆ. ಪ್ರಬಂಧಕ್ಕೆ ಆರಿಸಿಕೊಂಡಿದ್ದು ಸ್ಕ್ಲಿರೋಡರ್ಮಾದ ಒಂದು ಬಗೆ. ಇದರಲ್ಲಿ ಮೈಯ ಯಾವುದೋ ಒಂದು ಕಡೆ ಮಾತ್ರ ಚರ್ಮ ದಪ್ಪಗಾಗಿ, ಹೊಳಪೇರಿ, ತೊಗಲಿನಂತೆ ಬಿಗಿದುಬಿಡುತ್ತದೆ. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ರೋಗಿಗಳು ಒಮ್ಮೆ ಬಂದು ಮುಲಾಮು ಒಯ್ದರೆ ಮತ್ತೆ ಈ ಕಡೆ ತಲೆಹಾಕುತ್ತಿರಲಿಲ್ಲ. ಬಿಗಿದದ್ದು ಮುಂದೇನಾಯಿತು ಎಂದು ತಿಳಿಯದೆ ನನಗೆ ಚಡಪಡಿಕೆ. ಕೊನೆಗೆ ನಾನೇ ಅವರ ಊರುಗಳಿಗೆ ಹೊರಟೆ.

ಹೊರಡಲು ಇನ್ನೊಂದು ಕಾರಣವೂ ಇತ್ತು. ರಾಮದುರ್ಗದ ನೇಕಾರರ ಹುಡುಗಿ ಗಂಗವ್ವನಿಗೆ ಬಲಗೈಯ ಮಣಿಕಟ್ಟಿನಿಂದ ಹೆಬ್ಬೆರಳಿನ ಬುಡದವರೆಗೆ ಇಂಥದೇ ಬಿಗಿದ ಪಟ್ಟಿ. ನಿಶ್ಚಯವಾದ ಮದುವೆಯನ್ನು ಗಂಡಿನ ಕಡೆಯವರು ತಡೆಹಿಡಿದಿದ್ದರು. ಅವಳ ಅಪ್ಪ ಆಸ್ಪತ್ರೆಗೆ ಬಂದು ಕೈಮುಗಿದಿದ್ದ.

“ಅವರು ಕುಷ್ಠ ಅಂತ ತಿಳದಾರ್ರಿ ಬಾಯಾರ. ಬೀಗತಿ ಎದುರಿಗೆ ನೀವ ಒಂದ ಮಾತ ಹೇಳ್ರಿ. ಇಲ್ಲಂದ್ರ ಹುಡುಗಿ ಮನ್ಯಾಗ ಉಳೀತಾಳ.”

ಕುಷ್ಠವಲ್ಲವೆಂದು ತೋರಿಸುವುದು ನನಗೆ ಕಷ್ಟದ ಕೆಲಸವಲ್ಲ. ಆ ಧೈರ್ಯದಲ್ಲೇ ಇದ್ದೆ.

ಕಿತ್ತೂರಿನಲ್ಲಿ ಚುರುಮುರಿ, ಮಿರ್ಚಿ ತಿಂದು ಬೈಲಹೊಂಗಲದ ಬಸ್ಸು ಹತ್ತಿದೆ. ಎರಡೂ ಬದಿಗೆ ಹತ್ತಿ ಬಿಡಿಸುವವರು, ಮೈಗೆ ಹಿತವಾದ ಚಳಿಗಾಲದ ಬಿಸಿಲು. ಬೈಲಹೊಂಗಲದಲ್ಲಿ ನಾನು ನೋಡಬೇಕಿದ್ದದ್ದು ಹತ್ತಿ ವ್ಯಾಪಾರಿ ಚನ್ನಬಸಪ್ಪನವರನ್ನು. ಹಿಂದಿನ ವರ್ಷ ಅವರ ಹೊಟ್ಟೆಯ ಮೇಲೆ ಅಂಗೈಯಗಲ ಬಿಗಿದಿತ್ತು. ಈಗ ಒತ್ತಿ ನೋಡಿದರೆ ಚರ್ಮ ಮೆತ್ತಗೆ ಮಡಿಕೆ ಬೀಳುತ್ತಿದೆ! ಕಂದು ಕಲೆಯೊಂದೇ ಉಳಿದಿತ್ತು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.

“ಮುಲಾಮು ದಿನಾ ಹಚ್ಚಿಕೊಂಡ್ರೇನ್ರಿ?”

ಅವರು ಹೆಂಡತಿಯ ಮುಖ ನೋಡಿದರು. ಆಕೆ ಸೆರಗಿನಲ್ಲಿ ನಗು ಅಡಗಿಸಿಕೊಂಡರು. “ಸುಳ್ಳ ಯಾಕ ಹೇಳೂದ್ರಿ ಬಾಯಾರ? ಅದನ್ನ ಎಮ್ಮಿ ಕೆಚ್ಚಲಕ್ಕ ಹಚ್ಚೇವಿ. ಬಿರಕ ಬಿಟ್ಟಿತ್ತು. ಭಾಳ ಚಲೋ ಔಷಧ ನೋಡ್ರಿ!”

ನನ್ನ ಪ್ರಬಂಧದಲ್ಲಿ ಎಮ್ಮೆಗೆ ಜಾಗವಿರಲಿಲ್ಲ. ಆದರೆ ಔಷಧವೇ ಕಾಣದ ಚರ್ಮ ತಾನಾಗಿ ಸಡಿಲಾದದ್ದು ಹೇಗೆ? ಆ ಯೋಚನೆಯಲ್ಲೇ ಊಟಕ್ಕೆ ಕುಳಿತೆ. ಅವರ ಹೆಂಡತಿ “ಉಳ್ಳಾಗಡ್ಡಿ ನಡೀತೈತೇನ್ರಿ?” ಎಂದು ಸಂಕೋಚದಿಂದ ಕೇಳಿದರು. ನಮ್ಮದು ವೈದಿಕರ ಮನೆತನವೆಂದು ಹೇಗೋ ತಿಳಿದುಕೊಂಡಿದ್ದರು. “ಎಲ್ಲಾ ನಡೀತದ ಬಡಸ್ರಿ” ಎಂದು ಝುಣಕದ ಜೊತೆ ಬಿಸಿ ರೊಟ್ಟಿ ಹೊಡೆದೆ.

ಸವದತ್ತಿಯ ಬಸ್ಸು ಮನೋಳಿ ದಾಟಿದ ಮೇಲೆ ನವಿಲುತೀರ್ಥ ಅಣೆಕಟ್ಟಿನ ನೀರು ಕಾಣಿಸಿತು. ಕಣ್ಣು ಹಾಯುವವರೆಗೂ ನೀರೇ. ಸವದತ್ತಿಯಲ್ಲಿ ಹುಡುಕಿಕೊಂಡು ಹೋದ ರೋಗಿ ಕಾಲುವೆ ಕೆಲಸಕ್ಕೆ ಎಲ್ಲಿಗೋ ಹೋಗಿದ್ದ. ಗೆಳತಿಯೊಬ್ಬಳ ಮನೆಯಲ್ಲಿ ತಂಗಿ, ಬೆಳಿಗ್ಗೆ ರಾಮದುರ್ಗದ ದಾರಿ ಹಿಡಿದೆ.

ಗಂಗವ್ವನ ಓಣಿಯಲ್ಲಿ ಮಗ್ಗಗಳ ಸದ್ದು ಎಷ್ಟಿತ್ತೆಂದರೆ ಮಾತನಾಡಲು ಮೊದಲು ಮಗ್ಗ ನಿಲ್ಲಿಸಬೇಕಾಯಿತು. ಗಂಡಿನ ತಾಯಿ ನೀಲವ್ವ ಆಗಲೇ ಬಂದು ಕಂಬಕ್ಕೆ ಒರಗಿ ಕುಳಿತಿದ್ದರು. ಗಟ್ಟಿ ಮೈಕಟ್ಟಿನ ಹೆಂಗಸು. ನಾನು ಗಂಗವ್ವನ ಕಣ್ಣು ಮುಚ್ಚಿಸಿ ಪಟ್ಟಿಯ ಮೇಲೆ ಸೂಜಿ ಮುಟ್ಟಿಸಿದೆ. ಪ್ರತಿ ಸಲವೂ ಅವಳು “ಹಾಂ” ಎಂದಳು.

“ನೋಡ್ರಿ, ಸ್ಪರ್ಶ ತಿಳೀತದ. ಇದು ಕುಷ್ಠ ಅಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತೂದೂ ಇಲ್ಲ” ಎಂದೆ.

ಕೆಲಸ ಮುಗಿಯಿತು ಎಂದುಕೊಂಡೆ. ನೀಲವ್ವ ಅಲುಗಾಡಲಿಲ್ಲ.

“ರೋಗದ ಮಾತ ಮಂದೀದ್ರಿ. ನನ್ನ ಮಾತ ಬ್ಯಾರೆ ಐತಿ. ನಿಶ್ಚೇದ ದಿನಾ ಬಳಿ ಇಡಸಾಕ ಕುಂದರಿಸಿದ್ರ, ಈಕಿ ಕೈಯಾಗ ಮೂರ ಸಲ ಹೆಚ್ಚಿದ್ವು. ನನಗಿರಾಂವ ಒಬ್ಬನ ಮಗ. ಅವಗೇನರ ಆದ್ರ?”

ಒಡೆದವು ಎನ್ನಲು ಬಾಯಿ ಬಾರದೆ ಹೆಚ್ಚಿದವು ಎಂದಿದ್ದರು. ಮದುಮಗಳ ಕೈಯಲ್ಲಿ ಬಳೆ ಒಡೆದರೆ ಗಂಡನ ಆಯುಷ್ಯಕ್ಕೇ ಕುತ್ತು ಎಂಬ ಹೆದರಿಕೆ ಅದು. ಗಂಗವ್ವನ ತಾಯಿ ತಲೆ ತಗ್ಗಿಸಿದಳು. ನನ್ನ ಚೀಲದಲ್ಲಿ ಇದಕ್ಕೆ ಸೂಜಿ ಇರಲಿಲ್ಲ. ಆದರೆ ಕುತೂಹಲ ಸುಮ್ಮನಿರಗೊಡಲಿಲ್ಲ. ಬಳೆಗಾರ್ತಿಯನ್ನು ಕರೆಸಿ, ಬಳೆ ಹೇಗೆ ಏರಿಸುತ್ತೀಯ ತೋರಿಸು ಎಂದೆ. ಆಕೆ ನನ್ನ ಕೈ ಹಿಡಿದು ಹಿಸುಕಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದಳು. ಬಳೆ ಸರ್ರನೆ ಏರಿತು. ಗಂಗವ್ವನ ಹೆಬ್ಬೆರಳು ಅರ್ಧಕ್ಕೇ ನಿಂತಿತು.

“ಇಲ್ಲಿ ಮುಟ್ಟಿ ನೋಡ್ರಿ” ಎಂದು ನೀಲವ್ವನ ಬೆರಳನ್ನು ಆ ಪಟ್ಟಿಯ ಮೇಲಿಟ್ಟೆ. “ಚರ್ಮ ಜಗ್ಗಿ ಹಿಡಕೊಂಡದ. ಹೆಬ್ಬಟ್ಟು ಒಳಗ ಹೋಗೂದಿಲ್ಲ. ಬಳಿ ಇನ್ನೇನ ಮಾಡೀತು?”

ಅವರು ಬಹಳ ಹೊತ್ತು ಸವರಿ ನೋಡಿದರು. “ಮೆತ್ತಗ ಆಗತೈತೇನ್ರಿ?”

ಆಗುತ್ತದೆ ಎಂದುಬಿಟ್ಟರೆ ಮದುವೆ ನಡೆದೀತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. “ಕೆಲವರಿಗೆ ತಾನ ಆಗತದ, ಕೆಲವರಿಗೆ ಆಗೂದಿಲ್ಲ. ಈಕಿಗೆ ಏನಾಗತದ ನನಗ ಗೊತ್ತಿಲ್ಲ. ಅದನ್ನ ತಿಳಕೊಳ್ಳಾಕನ ಊರೂರು ತಿರಗಲಿಕ್ಕೆ ಹತ್ತೇನಿ” ಎಂದೆ.

ಗಂಗವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

ನೀಲವ್ವ ಬಳೆಗಾರ್ತಿಯ ಕಡೆ ತಿರುಗಿದರು. “ನನ್ನ ಅಳತೀವು ತಗೀ. ಹಸರ ಬಳಿ.”

ಆ ದೊಡ್ಡ ಬಳೆಗಳು ಬಿಗಿದ ಹೆಬ್ಬೆರಳನ್ನು ಸುಮ್ಮನೆ ದಾಟಿ ಹೋದವು. ಗಂಗವ್ವ ಕೈ ಎತ್ತಿದಳು. ಎಲ್ಲವೂ ಮೊಣಕೈಯವರೆಗೆ ಜಾರಿದವು.

“ಭಾಳ ದೊಡ್ಡೂ ಆದೂರಿ ಅತ್ತಿ” ಎಂದಳು, ಅಳುತ್ತ, ನಗುತ್ತ.

“ಆಗಲಿ ಬಿಡು. ಕೈ ಮೆತ್ತಗಾದ್ರ ಸಣ್ಣೂ ಇಟ್ಟಕೋ. ಆಗದಿದ್ರ ನಮ್ಮಿಬ್ಬರದೂ ಒಂದ ಅಳತಿ.”