ಮಣಿಕಟ್ಟು ಹಿಡಿದವಳು

ಆ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ನನ್ನ ಕೈಯಿಂದ ಒಂದು ಜೀವ ಹೋಗುವುದಿತ್ತು. ಈ ಮಾತನ್ನು ಇಷ್ಟು ನೇರವಾಗಿ ಬರೆಯಲು ನನಗೆ ಬಹಳ ಕಾಲ ಹಿಡಿಯಿತು.

ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಹೆಂಗಸರ ವಾರ್ಡಿನ ಇನ್‌ಚಾರ್ಜ್ ನರ್ಸ್. ಸೂಜಿ, ಸಲೈನುಗಳ ನಡುವೆ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಕೋರ್ಸು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರನ್ನು ಮೊದಲ ಒಂದು ವರ್ಷ ನನ್ನ ಕೈಕೆಳಗೆ ಹಾಕುತ್ತಾರೆ. ಕಾಲೇಜಿನಲ್ಲಿ ಗೊಂಬೆಯ ತೋಳಿಗೆ ಸೂಜಿ ಚುಚ್ಚಿ ಕಲಿತವರಿಗೆ, ನೋವಾದರೆ ಕೈ ಎಳೆದುಕೊಳ್ಳುವ ಮನುಷ್ಯರ ನಡುವೆ ನಿಲ್ಲುವುದನ್ನು ಕಲಿಸಬೇಕು. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂಬ ಹೆಮ್ಮೆ ನನಗಿತ್ತು. ಹುಡುಗಿಯರು ನನ್ನನ್ನು ಕಂಡರೆ ಸುಮ್ಮನಾಗುತ್ತಿದ್ದರು. ಅದನ್ನು ನಾನು ಗೌರವ ಎಂದುಕೊಂಡಿದ್ದೆ.

ಆ ವರ್ಷ ಬಂದವರು ಇಬ್ಬರು. ಒಬ್ಬಳು ಬೀಳಗಿ ಕಡೆಯ ಕುರಿ ಸಾಕುವ ಮನೆಯವಳು. ಹಣೆಗೆ ಬೀರೇಶ್ವರ ದೇವರ ಭಂಡಾರದ ಅರಿಶಿನ ಹಚ್ಚಿಕೊಳ್ಳದೆ ಡ್ಯೂಟಿಗೆ ಬಂದವಳೇ ಅಲ್ಲ. ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಇನ್ನೊಬ್ಬಳು ಬನಹಟ್ಟಿಯ ನೇಕಾರರ ಮಗಳು. ಪವರ್‌ಲೂಮಿನ ಸದ್ದಿನಲ್ಲಿ ಬೆಳೆದವರ ದನಿ ತಾನಾಗಿಯೇ ಎತ್ತರ. ಅವಳು ಬಾಗಿಲಲ್ಲಿ ನಿಂತು “ನಮಸ್ಕಾರ್ರೀ ಮೇಡಂ” ಎಂದರೆ ಕೊನೆಯ ಮಂಚದವರೂ ತಿರುಗಿ ನೋಡುತ್ತಿದ್ದರು.

ಸೇರಿದ ಮೊದಲ ವಾರವೇ ಡಾಕ್ಟರ್ ರೌಂಡ್ಸಿನಲ್ಲಿದ್ದಾಗ ಅವಳು ಎಲ್ಲರಿಗೂ ಕೇಳುವಂತೆ, “ಮೇಡಂ, ಇವ್ರಿಗೆ ನಿನ್ನಿ ಬ್ಯಾರೆ ಗುಳಗಿ ಇತ್ತಲ್ರೀ?” ಎಂದಳು. ಗುಳಿಗೆ ಸರಿಯಾಗಿಯೇ ಇತ್ತು. ಹಿಂದಿನ ಸಂಜೆ ಡಾಕ್ಟರೇ ಬದಲಿಸಿದ್ದರು. ಆದರೆ ಅವರು ನನ್ನ ಮುಖ ನೋಡಿದ ರೀತಿಗೆ ನನಗೆ ಅವಮಾನವಾಯಿತು. ರೌಂಡ್ಸ್ ಮುಗಿದ ಮೇಲೆ ಅವಳನ್ನು ಡ್ರೆಸ್ಸಿಂಗ್ ಕೋಣೆಗೆ ಕರೆದೆ.

“ಇದು ನಿಮ್ಮ ಮಗ್ಗದ ಮನಿ ಅಲ್ಲ ಬೇ, ದವಾಖಾನಿ. ಸಣ್ಣ ದನಿಲೆ ಮಾತಾಡೂದು ಕಲಿ. ಪೇಶಂಟ್ ಮುಂದ ಹಿರ್ಯಾರನ್ನ ಪ್ರಶ್ನೆ ಕೇಳಬ್ಯಾಡ.”

“ಆತ್ರೀ ಮೇಡಂ.”

ಅಂದಿನಿಂದ ಅವಳ ದನಿ ವಾರ್ಡಿನಲ್ಲಿ ಕೇಳಿಸಲೇ ಇಲ್ಲ. ಹುಡುಗಿ ಪಳಗಿದಳು ಎಂದು ನಾನು ಮೇಟ್ರನ್ ಮುಂದೆ ಹೇಳಿಕೊಂಡೆ ಕೂಡ.

ಮೂರು ತಿಂಗಳು ಕಳೆದಿರಬೇಕು. ಆರನೆಯ ಮಂಚದಲ್ಲಿ ಚಿಕ್ಕಪಡಸಲಗಿಯ ಒಬ್ಬ ಮುದುಕಿ ಎದೆಯ ಸೋಂಕಿನಿಂದ ಮಲಗಿದ್ದಳು. ಊರವರೆಲ್ಲ ಸೇರಿ ಹೊಳೆಗೆ ಬ್ಯಾರೇಜು ಕಟ್ಟುವಾಗ ತಾನೂ ಕಲ್ಲು ಹೊತ್ತಿದ್ದೆ ಎಂದು ಕೆಮ್ಮಿನ ನಡುವೆಯೇ ಹೇಳುವವಳು. ಅವಳಿಗೆ ದಿನಕ್ಕೆರಡು ಬಾರಿ ಕೊಡುವ ಇಂಜೆಕ್ಷನ್ ಪುಡಿಯ ರೂಪದಲ್ಲಿ ಬರುತ್ತದೆ. ಶುದ್ಧ ನೀರಿನ ಸಣ್ಣ ಪ್ಲಾಸ್ಟಿಕ್ ಆಂಪೂಲ್ ಒಡೆದು, ಆ ನೀರಿನಲ್ಲಿ ಪುಡಿಯನ್ನು ಕರಗಿಸಿ, ನರಕ್ಕೆ ಕೊಡಬೇಕು. ಪೊಟ್ಯಾಸಿಯಂ ಆಂಪೂಲೂ ನೋಡಲು ಹಾಗೆಯೇ ಇರುತ್ತದೆ, ಅದೇ ಗಾತ್ರ, ಒಳಗೆ ಅದೇ ಬಣ್ಣವಿಲ್ಲದ ನೀರು. ಸಲೈನಿನಲ್ಲಿ ಬೆರೆಸಿ ತಾಸುಗಟ್ಟಲೆ ಹನಿಹನಿಯಾಗಿ ಕೊಟ್ಟರೆ ಅದು ಔಷಧ. ಸೀದಾ ನರಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಹೊಸಬರಿಗೆ ನಾನು ಮೊದಲ ದಿನ ಕಲಿಸುವ ಪಾಠವೇ ಇದು.

ಅಂದು ವಾರ್ಡು ತುಂಬಿತ್ತು. ನನ್ನ ಗಮನವೆಲ್ಲ ಮೂರನೆಯ ಮಂಚದವಳ ಡಿಸ್ಚಾರ್ಜಿನ ಮೇಲಿತ್ತು. ಟ್ರಾಲಿಯಿಂದ ಆಂಪೂಲ್ ತೆಗೆದೆ, ಒಡೆದೆ, ಪುಡಿ ಕರಗಿಸಿದೆ, ಸಿರಿಂಜಿಗೆ ಎಳೆದುಕೊಂಡೆ. ನೇಕಾರರ ಹುಡುಗಿ ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದಳು. ಮುದುಕಿಯ ಕೈಗೆ ಹಾಕಿದ್ದ ನಳಿಗೆಗೆ ಸಿರಿಂಜ್ ಕೂಡಿಸಿ ಒತ್ತಲು ಹೆಬ್ಬೆರಳನ್ನು ಅದರ ತಲೆಯ ಮೇಲಿಟ್ಟೆ.

ಆಗ ಅವಳು ನನ್ನ ಮಣಿಕಟ್ಟು ಹಿಡಿದಳು.

ಮೆಲ್ಲಗೆ ಮುಟ್ಟಿದ್ದಲ್ಲ. ಉಗುರು ನಾಟುವ ಹಾಗೆ ಬಿಗಿಯಾಗಿ ಹಿಡಿದಳು. ಟ್ರೇ ನೆಲಕ್ಕೆ ಬಿತ್ತು. ಅವಳ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಇನ್ನೊಂದು ಕೈಯಿಂದ ಟ್ರಾಲಿಯ ಮೇಲಿದ್ದ ಖಾಲಿ ಆಂಪೂಲನ್ನು ತೋರಿಸುತ್ತಿದ್ದಳು. ನಾನು ಸಿಟ್ಟಿನಿಂದಲೇ ಅದನ್ನು ಎತ್ತಿಕೊಂಡು ಲೇಬಲ್ ಓದಿದೆ.

ಪೊಟ್ಯಾಸಿಯಂ.

ವಾರ್ಡಿನ ಮಾತು, ಕೆಮ್ಮು, ಫ್ಯಾನಿನ ಸದ್ದು ಯಾವುದೂ ಕೇಳಿಸಲಿಲ್ಲ. ಸಿರಿಂಜನ್ನು ನಳಿಗೆಯಿಂದ ಬಿಡಿಸಬೇಕೆಂಬುದು ಗೊತ್ತಿತ್ತು, ಬೆರಳು ಮಾತ್ರ ಅಲ್ಲಾಡಲಿಲ್ಲ. ಅವಳೇ ಬಿಡಿಸಿದಳು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

ಮುದುಕಿ ನಮ್ಮಿಬ್ಬರ ಮುಖ ನೋಡಿ, “ಯಾಕ ಬೇ, ನನ್ನ ಮೈಮ್ಯಾಲ ಜಗಳಾಡಾಕತ್ತೀರಿ?” ಎಂದಳು.

ಡ್ರೆಸ್ಸಿಂಗ್ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಅವಳು ಬಾಗಿಲಿಗೆ ಆತು ನಿಂತು ಅಳುತ್ತಿದ್ದಳು. ಅವಳಿಗೆ ಒಂದು ಒಳ್ಳೆಯ ಮಾತು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಇದು: “ಬಾಯಿಲೆ ಹೇಳಾಕ ಏನಾಗಿತ್ತ ನಿನಗ?”

“ಬಾಯಿ ಬರ್ಲಿಲ್ರೀ ಮೇಡಂ. ಪೇಶಂಟ್ ಮುಂದ ಕೇಳಬ್ಯಾಡ ಅಂದಿದ್ರೆಲ್ರೀ.”

“ನಿನಗ ಯಾವಾಗ ಗೊತ್ತಾತು?”

“ನೀವು ಒಡಿಯೂ ಮುಂದನ ಕಂಡಿತ್ರೀ.”

ಒಡೆಯುವಾಗಲೇ! ಅಂದರೆ ನಾನು ಪುಡಿ ಕರಗಿಸುವಷ್ಟು ಹೊತ್ತೂ, ಸಿರಿಂಜಿಗೆ ಎಳೆದು ಗಾಳಿ ತೆಗೆಯುವಷ್ಟು ಹೊತ್ತೂ ಇವಳು ಪಕ್ಕದಲ್ಲೇ ನಿಂತು ನೋಡಿದ್ದಳು.

“ನಾನ ತಪ್ಪ್ ಓದಿರಬೇಕು ಅನ್ನಿಸ್ತ್ರೀ,” ಎಂದಳು. “ನೀವು ತಪ್ಪತೀರಿ ಅಂತ ಹೆಂಗ ಅನ್ಕೊಳ್ಳಿ?”

ಲೇಬಲ್ ಓದಿದಾಗ ಆದದ್ದಕ್ಕಿಂತ ದೊಡ್ಡ ಆಘಾತ ಈ ಮಾತಿನಿಂದಾಯಿತು. ಆಂಪೂಲ್ ತೆಗೆದದ್ದು ಒಂದು ಗಳಿಗೆಯ ಮರೆವು. ಇವಳ ಬಾಯನ್ನು ನಾನು ಮೂರು ತಿಂಗಳು ಜತನದಿಂದ ಮುಚ್ಚಿಸಿದ್ದೆ, ಮೇಲೆ ಅದಕ್ಕೆ ಹೆಮ್ಮೆಪಟ್ಟಿದ್ದೆ.

ಮೇಟ್ರನ್ ಬಳಿ ಹೋಗಿ ಎಲ್ಲ ಹೇಳಿ, ವರದಿ ಬರೆದುಕೊಡುತ್ತೇನೆ ಎಂದೆ. ಅವರು ಬಾಗಿಲು ಮುಚ್ಚಿಕೊಂಡು ಬಂದು, “ಪೇಶಂಟ್ ಆರಾಮ ಅದಾಳಲ್ಲ? ಏನೂ ಆಗಿಲ್ಲಂದ್ರ ಯಾಕ ಬರೀತಿ? ಇಷ್ಟ್ ವರ್ಷದ ಹೆಸರ ಹಾಳ ಮಾಡ್ಕೋಬ್ಯಾಡ” ಎಂದರು. ನನ್ನ ಮೇಲಿನ ಅಕ್ಕರೆಯಿಂದಲೇ ಅಂದದ್ದು. ನನಗೂ ಹಾಗೇ ಬಿಟ್ಟುಬಿಡೋಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಮಣಿಕಟ್ಟಿನ ಮೇಲೆ ನಾಲ್ಕು ಉಗುರಿನ ಗುರುತು ಇನ್ನೂ ಕೆಂಪಗಿತ್ತು. ಬರೆದುಕೊಟ್ಟೆ. ಡಾಕ್ಟರು ಎರಡು ಸಲ ಓದಿದರು. ಆಮೇಲೆ, “ಅದು ಸಾದಾ ಟ್ರಾಲಿ ಮ್ಯಾಲ ಯಾಕ ಇತ್ತು?” ಎಂದಷ್ಟೇ ಕೇಳಿದರು. ಅಂದೇ ಪೊಟ್ಯಾಸಿಯಂ ಬೀಗ ಹಾಕಿದ ಕಪಾಟಿಗೆ ಹೋಯಿತು. ಇಬ್ಬರು ಲೇಬಲ್ ಓದದೆ ಅದನ್ನು ಹೊರಗೆ ತೆಗೆಯುವಂತಿಲ್ಲ ಎಂದು ಬರೆದು ಅಂಟಿಸಿದರು.

ಮಧ್ಯಾಹ್ನ ಪಾಳಿ ಬದಲಾಗುವಾಗ ಎಲ್ಲ ನರ್ಸುಗಳ ಮುಂದೆ ನಿಂತು ನಾನು ಮಾಡಿದ್ದನ್ನು ಹೇಳಿದೆ. ಎಲ್ಲರೂ ಹೋದ ಮೇಲೆ ಬೀಳಗಿಯ ಹುಡುಗಿ ಅಲ್ಲೇ ಉಳಿದಳು.

“ಮೇಡಂ, ನಂದೂ ಒಂದ ಐತ್ರೀ.”

ಹಿಂದಿನ ತಿಂಗಳು ಸಕ್ಕರೆ ಕಾಯಿಲೆಯ ಒಬ್ಬ ಹೆಂಗಸು ಬೆವರಿ, ಕಣ್ಣು ಮೇಲೆ ಮಾಡಿ ಕುಸಿದಿದ್ದಳು. ಪಕ್ಕದಲ್ಲೇ ಇದ್ದ ಈ ಹುಡುಗಿಯೇ ರಕ್ತದ ಸಕ್ಕರೆ ನೋಡಿ, ಡಾಕ್ಟರನ್ನು ಕರೆದು, ಅವಳನ್ನು ಉಳಿಸಿದ್ದಳು. ನಾನು ಎಲ್ಲರೆದುರು ಬೆನ್ನು ತಟ್ಟಿ, ಕಣ್ಣು ಅಂದರೆ ಹೀಗಿರಬೇಕು ಎಂದಿದ್ದೆ.

“ಅವ್ರಿಗೆ ಹತ್ತ್ ಪಾಯಿಂಟ್ ಇನ್ಸುಲಿನ್ ಇತ್ರೀ. ನಾ ಇಪ್ಪತ್ತ್ ಕೊಟ್ಟಿದ್ನಿ. ಕೊಟ್ಟ ಮ್ಯಾಲ ಗೊತ್ತಾತು. ಅದಕ್ಕ ಅಲ್ಲೇ ಕಾಯ್ಕೊಂತ ನಿಂತಿದ್ನಿ. ನೀವು ಶಾಭಾಷ್ ಅಂದ ದಿನ ಮನಿಗೆ ಹೋಗಿ ಉಣ್ಣಲಿಲ್ರೀ.”

ನನ್ನ ವಾರ್ಡಿನಲ್ಲಿ, ನನ್ನ ಕಣ್ಣೆದುರಿಗೆ ನಡೆದದ್ದು. ನನಗೆ ಹೇಳಿದರೆ ಏನಾಗುತ್ತದೋ ಎಂಬ ಅವಳ ಹೆದರಿಕೆ, ಆ ಹೆಂಗಸಿಗೆ ಏನಾಗುತ್ತದೋ ಎಂಬ ಹೆದರಿಕೆಗಿಂತ ದೊಡ್ಡದಾಗಿತ್ತು. ನಾನು ಬೈಯಲಿಲ್ಲ. ಬೈಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಇಬ್ಬರೂ ಹೋಗಿ ಡಾಕ್ಟರಿಗೆ ಹೇಳಿದೆವು. ಆ ಹೆಂಗಸಿಗೆ ಫೋನು ಮಾಡಿ ಕರೆಸಿ, ಅವಳಿಗೂ ಹೇಳಿದೆವು.

ಮರುದಿನ ಆರನೆಯ ಮಂಚದ ಬಳಿ ಕೂತು ಮುದುಕಿಗೆ ನಡೆದದ್ದನ್ನು ತಿಳಿಸಿದೆ.

“ಹಂಗಾರ ನಾ ಹೋಗಿಬಿಡತಿದ್ನೇನ?”

“ಹೌದ್ರೀ ಆಯಿ.”

ಅವಳು ತನ್ನ ಕೈಯಲ್ಲಿದ್ದ ನಳಿಗೆಯನ್ನು ನೋಡಿಕೊಂಡಳು, ಆಮೇಲೆ ನನ್ನನ್ನು. “ಖರೆ ಹೇಳಿದಿ, ಛಲೋ ಆತು. ಆದ್ರ ಇನ್ನಮ್ಯಾಲ ಸೂಜಿ ಆ ಹುಡುಗಿನ ಮಾಡ್ಲಿ. ನೀ ಬ್ಯಾಡ.”

ಇಪ್ಪತ್ತೆರಡು ವರ್ಷಗಳಲ್ಲಿ ಯಾವ ರೋಗಿಯೂ ನನಗೆ ಹೀಗೆ ಅಂದಿರಲಿಲ್ಲ. ಅವಳು ಮನೆಗೆ ಹೋಗುವವರೆಗೂ ನಾನು ಟ್ರೇ ಹಿಡಿದು ಪಕ್ಕದಲ್ಲಿ ನಿಂತೆ. ನೇಕಾರರ ಹುಡುಗಿ ಇಂಜೆಕ್ಷನ್ ಕೊಟ್ಟಳು. ಆಂಪೂಲ್ ಒಡೆಯುವ ಮುಂಚೆ ಪ್ರತಿ ಸಲವೂ ಲೇಬಲನ್ನು ನನಗೆ ಕೇಳುವಂತೆ ಓದಿದಳು.

ಆ ತಿಂಗಳಿಂದ ಪ್ರತಿದಿನ ಪಾಳಿ ಮುಗಿದ ಮೇಲೆ ವಾರ್ಡಿನ ನರ್ಸುಗಳೆಲ್ಲ ಹತ್ತು ನಿಮಿಷ ಕೂರುತ್ತೇವೆ. ಅಂದು ಎಲ್ಲಿ ಎಡವಿದೆವು, ಎಲ್ಲಿ ಎಡವುವುದು ತಪ್ಪಿತು ಎಂದು ಹೇಳಿಕೊಳ್ಳುತ್ತೇವೆ. ಮೊದಲು ನಾನೇ ಹೇಳುತ್ತೇನೆ. ಶುರುವಿನಲ್ಲಿ ವಾರಗಟ್ಟಲೆ ನಾನೊಬ್ಬಳೇ ಹೇಳುತ್ತಿದ್ದೆ.

ಬೀಳಗಿಯ ಹುಡುಗಿ ನಮ್ಮಲ್ಲೇ ಉಳಿದಿದ್ದಾಳೆ. ಬನಹಟ್ಟಿಯವಳು ವರ್ಷ ಮುಗಿಸಿ ಮುಧೋಳದ ಒಂದು ಆಸ್ಪತ್ರೆಗೆ ಹೋದಳು. ಹೋದ ತಿಂಗಳು ಊಟದ ಹೊತ್ತಿಗೆ ಅವಳ ಫೋನು ಬಂತು.

“ಮೇಡಂ, ಇವತ್ತ ಒಬ್ರ ಗುಳಗಿ ಇನ್ನೊಬ್ರಿಗೆ ಕೊಟ್ಟೇನ್ರೀ.”

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. “ಯಾರಿಗೆ ಹೇಳಿದಿ?”

“ಅವಾಗಿಂದವಾಗ ಇನ್‌ಚಾರ್ಜಗ ಹೇಳೇನ್ರೀ, ಡಾಕ್ಟರಗೂ ಹೇಳೇನಿ. ಪೇಶಂಟ್ ಆರಾಮ ಅದಾರ. ಭಾಳ ಬೈದ್ರು.”

“ಬೈಲಿ ಬಿಡು. ನೀ ಉಂಡಿಯೇನು?”

“ಇಲ್ರೀ,” ಎಂದು ಅವಳು ಅಳತೊಡಗಿದಳು. ಅವಳು ಅತ್ತು ಮುಗಿಸುವವರೆಗೆ ನಾನು ಫೋನು ಹಿಡಿದುಕೊಂಡೇ ಕೂತಿದ್ದೆ.