ಗಿಡದ ಎಲುಬಿನ ವಿಚಾರಣೆ

ಎಂಬತ್ತರ ದಶಕದ ಒಂದು ಬೇಸಿಗೆ. ಹತ್ತಿ ಸಸಿಗಳ ಎಳೆ ಬೇರುಗಳನ್ನು ಬರ್ಫದ ಡಬ್ಬಿಯಲ್ಲಿಟ್ಟುಕೊಂಡು ಮಾನ್ವಿಯಿಂದ ರಾಯಚೂರಿನ ಬಸ್ಸು ಹತ್ತಿದ್ದೆ. ಸಸ್ಯಗಳ ಜೀವಕೋಶಕ್ಕೆ ಒಳಗಿನಿಂದ ಆಕಾರ ಕೊಡುವ ಪ್ರೋಟೀನುಗಳ ಮೇಲೆ ಅಲ್ಲಿನ ಸರಕಾರಿ ಪ್ರಯೋಗಾಲಯದಲ್ಲಿ ನನ್ನ ಸಂಶೋಧನೆ. ಬರ್ಫ ಕರಗಿ ತಂಪು ಹೋದರೆ ಅವು ಕೆಡುತ್ತವೆ. ಡಬ್ಬಿಯಲ್ಲಿ ಏನಿದೆಯೆಂದು ಕಂಡಕ್ಟರ್ ಕೇಳಿದಾಗ, ಪಂಡಿತನ ಗತ್ತಿನಲ್ಲಿ "ಸಸ್ಯಕೋಶದ ಅಸ್ಥಿಪಂಜರ" ಎಂದುಬಿಟ್ಟೆ. ಅವನ ಕಿವಿಗೆ ಬಿದ್ದದ್ದು ಕೊನೆಯ ಪದ ಮಾತ್ರ. ದಾರಿಯಲ್ಲಿದ್ದ ಪೊಲೀಸ್ ಚೌಕಿಯ ಮುಂದೆ ನನ್ನನ್ನು ಇಳಿಸಿ ಹೊರಟೇಹೋದ.

ಫೌಜದಾರ ಸಾಹೇಬರು ಡಬ್ಬಿ ತೆರೆಸಿದರು. "ಎಲುಬು ಎಲ್ಲಿ ಅದಾವ್ರೀ?"

"ಎಲುಬಲ್ರೀ ಸಾಹೇಬ್ರ, ಪ್ರೋಟೀನು. ಬೇರಿನೊಳಗ ಸಣ್ಣ ಎಳಿಯಂಗ ಇರ್ತಾವ. ಕಣ್ಣಿಗಿ ಕಾಣಂಗಿಲ್ಲ."

"ಕಾಣದ ಕೆಲಸಕ್ಕ ಸರಕಾರ ಪಗಾರ ಕೊಡ್ತದೇನು?"

'ನಮ್ಮಿಬ್ಬರಿಗೂ ಕೊಡ್ತದ್ರೀ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಕುಂದರ್ರಿ, ಶರಬತ್ ಕುಡಿಯೂಣು" ಎಂದವರೇ ಪೇದೆಗೆ ಸನ್ನೆ ಮಾಡಿದರು. ಅವನು ನನ್ನ ಬರ್ಫವನ್ನೇ ಒಡೆದು ಎಲ್ಲರ ಗ್ಲಾಸಿಗೂ ಹಾಕಿದ.

"ಯಪ್ಪಾ, ಬೇರು ಕೆಡ್ತಾವ್ರೀ!" ಎಂದು ಕೂಗಿದೆ.

ಸಾಹೇಬರು ತಣ್ಣಗೆ ಒಂದು ಗುಟುಕು ಹೀರಿದರು. "ಯಾಕ ಗಾಬರಿ ಆಗ್ತೀರಿ? ನಿಮ್ಮ ಬೇರು ಯಾರೂ ಮುಟ್ಟಿಲ್ಲ."

ಅವರು ಬಿಟ್ಟಮೇಲೆ ಬೇರೆ ಬಸ್ಸು ಹಿಡಿದು ರಾಯಚೂರು ಮುಟ್ಟುವಷ್ಟರಲ್ಲಿ ನನ್ನ ತಿಂಗಳುಗಳ ಕೆಲಸ ಬೇಯಿಸಿದ ಸೊಪ್ಪಾಗಿತ್ತು. ಆದರೆ ಪೊಲೀಸರ ಬಂದೋಬಸ್ತಿನಲ್ಲಿ ತಪ್ಪು ಹುಡುಕುವಂತಿಲ್ಲ. ಒಂದೇ ಒಂದು ಬೇರೂ ಕಳುವಾಗಿರಲಿಲ್ಲ.